ತುಟಿಯಲ್ಲಿ ಗುಂಡುಸೂಜಿ

"ಅಕ್ಕಾ, ಪಕ್ಕದ್ಮನೆ ಮದುವೆ ಯಾಕೆ ಮುರೀತು? ನಿಮಗೆ ಗೊತ್ತಿಲ್ಲದ್ದು ಏನಿದೆ!" ಎಂದರು ಅಳತೆ ಕೊಡಲು ನಿಂತ ಟೀಚರು.

ಟೈಲರಕ್ಕನಿಗೆ ಎಲ್ಲಾ ಗೊತ್ತಿತ್ತು. ಹೇಳದೆ ಹೊಟ್ಟೆ ಉಬ್ಬುತ್ತಿತ್ತು. ಆದರೆ ಇನ್ನೊಬ್ಬರ ಮನೆ ಮಾತು ಆಡುವುದಿಲ್ಲವೆಂದು ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಯೇಸುವಿಗೆ ಮಾತು ಕೊಟ್ಟಿದ್ದಳು, ಇವತ್ತಿನ್ನೂ ಮಂಗಳವಾರ. 'ಕಾಪಾಡಪ್ಪಾ ಕರ್ತನೇ' ಎಂದುಕೊಂಡು ನಾಲ್ಕು ಗುಂಡುಸೂಜಿ ತುಟಿಗಳ ನಡುವೆ ಕಚ್ಚಿಕೊಂಡಳು.

ಟೀಚರು ಕೆಣಕಿದರು. "ಅಯ್ಯೋ, ನಿಮ್ಮ ಬಾಯಿಗೂ ಬೀಗ ಬಿತ್ತಾ?" ಎಂದು ನಕ್ಕರು. ಆಮೇಲೆ ಕನ್ನಡಿಯಲ್ಲೇ ಅವಳನ್ನು ನೋಡುತ್ತಾ ದನಿ ತಗ್ಗಿಸಿದರು. "ಹಾಗಾದ್ರೆ ನಿಮಗೆ ಹೇಳಬಹುದು. ಸೊಂಟ ಸಡಿಲ ಬಿಡಿ, ಅಕ್ಕಾ. ಹತ್ತು ವರ್ಷ ಆದ್ಮೇಲೆ... ಈಗ ಮೂರು ತಿಂಗಳು. ನಮ್ಮತ್ತೆಗೂ ಇನ್ನೂ ಹೇಳಿಲ್ಲ."

ಟೈಲರಕ್ಕನ ಕಣ್ಣು ತುಂಬಿತು. ಸೊಂಟಕ್ಕೆ ನಾಲ್ಕು ಬೆರಳು ಬಟ್ಟೆ ಹೆಚ್ಚು ಬಿಟ್ಟಳು. ಅಷ್ಟರಲ್ಲಿ ಅದೇ ಅತ್ತೆ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡು, ಗಡಿಬಿಡಿಯಲ್ಲಿ ಇನ್ನೆರಡು ಸೂಜಿ ಬಾಯಿಗಿಟ್ಟುಕೊಂಡಳು.