ತಲೆ ತಿನ್ನುವ ಬಾಯಿ

ಬಚ್ಚಲಲ್ಲಿ ತಾತ ದೊಪ್ಪೆಂದು ಬಿದ್ದ ಸದ್ದಿಗೆ ಅಜ್ಜಿಯ ಜೀವ ಬಾಯಿಗೆ ಬಂತು. “ರೀ!” ಎಂದು ಕೂಗಿದರೆ ಹ್ಞೂಂ ಇಲ್ಲ, ಹಾಂ ಇಲ್ಲ. ತಳ್ಳಿದ ರಭಸಕ್ಕೆ, ಅವಳು ಹಿಡಿದು ನಡೆಯುವ ಚಕ್ರದ ವಾಕರು ಅವಳಿಗಿಂತ ಮುಂದೆ ಓಡಿ ಹೊಸ್ತಿಲಿಗೆ ಬಡಿದು ನಿಂತಿತು.

ತಾತ ಒದ್ದೆ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದ. ಅವಳು ವಾಕರಿನ ಸೀಟಿನ ಮೇಲೆ ಕೂರಹೋದಾಗಲೆಲ್ಲ “ಬ್ರೇಕ್ ಹಾಕ್ದ್ಯಾ?” ಎಂದು ತಲೆ ತಿನ್ನುತ್ತಿದ್ದ ಬಾಯಿ ಅದು. “ಮೊದ್ಲು ನಿಮ್ಮ ಬಾಯಿಗೆ ಬ್ರೇಕ್ ಹಾಕ್ಕೊಳ್ಳಿ” ಎಂದು ಬೆಳಿಗ್ಗೆ ತಾನೇ ಸಿಡುಕಿದ್ದಳು. ಈಗ ಅದು ಮುಚ್ಚಿತ್ತು. “ಬೈದಾದ್ರೂ ಮಾತಾಡ್ರೀ,” ಎಂದು ಗೋಗರೆದಳು.

ನಿಂತು ಬಗ್ಗಲು ಸೊಂಟ ಒಪ್ಪಲಿಲ್ಲ. ವಾಕರನ್ನು ತಿರುಗಿಸಿ, ಅದರ ಸೀಟಿನ ಮೇಲೆ ಕೂತು ಅವನ ಕೈ ಹಿಡಿಯಹೋದಳು. ಕೂರುವಷ್ಟರಲ್ಲಿ ಚಕ್ರಗಳು ಸರ್ರೆಂದು ಹಿಂದಕ್ಕೆ ಜಾರಿದವು; ಅವಳು ಬಾಗಿಲ ಚೌಕಟ್ಟಿಗೆ ಜೋತುಬಿದ್ದಳು.

ಆಗ ನೆಲದಿಂದ ಕ್ಷೀಣವಾದ ಗೊಣಗು ಕೇಳಿಸಿತು: “ಬ್ರೇಕ್ ಹಾಕೇ... ಎಷ್ಟು ಸಲ ಹೇಳ್ಲಿ ನಿಂಗೆ?”