ಳಕಾರದ ತಗ್ಗು

"ಯಾರ ಕೈಬರಹ ಇದು?" ಎಂದು ಗಿರಾಕಿ ಹೆಂಗಸು ಕಂಪ್ಯೂಟರಿನ ಪರದೆಗೆ ಬೆರಳಿಟ್ಟು ಕೇಳಿದಾಗ, "ನನ್ನದೇ ಮೇಡಂ" ಎಂದುಬಿಟ್ಟಳು ಡಿಸೈನ್ ಅಂಗಡಿಯ ಹುಡುಗಿ. ಅವಳ ಸೋದರಮಾವ ಪಕ್ಕದ ಸ್ಟೂಲಿನ ಮೇಲೇ ಕೂತಿದ್ದರು. ಆಯುಷ್ಯವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದವರು ಅವರು. ಅವರ ಹಳೆಯ ಬೋರ್ಡುಗಳ ಫೋಟೊ ತೆಗೆದು, ಒಂದೊಂದು ಅಕ್ಷರದ ಅಂಚಿಗೂ ಗೆರೆ ಎಳೆದು, ಅವಳು ಈ ದಪ್ಪ ಕೈಬರಹದ ಫಾಂಟನ್ನು ಮಾಡಿಕೊಂಡಿದ್ದಳು. ಅವರನ್ನು ಒಂದು ಮಾತೂ ಕೇಳಿರಲಿಲ್ಲ.

"ಈ ಳಕಾರದ ಹೊಟ್ಟೇಲಿ ತಗ್ಗು ನೋಡಿ, ಏನು ಬಳುಕು!" ಎಂದು ಮೆಚ್ಚಿಕೊಂಡು, ತನ್ನ ಬೇಕರಿಯ ಬೋರ್ಡಿಗೆ ಇದೇ ಇರಲಿ ಎಂದು ಹೇಳಿ ಗಿರಾಕಿ ಹೊರಟಳು. ಮಾವ ಕನ್ನಡಕ ಏರಿಸಿಕೊಂಡು ಪರದೆಯತ್ತ ಬಗ್ಗಿದರು. ಕಾಳು ಆರಿಸುವವರ ಹಾಗೆ ಒಂದೊಂದು ಸಾಲನ್ನೂ ನಿಧಾನಕ್ಕೆ ನೋಡಿದರು.

"ಎಲ್ಲಾ ಳಕಾರಕ್ಕೂ ಈ ತಗ್ಗು ಯಾಕೆ ಹಾಕಿದೀಯೇ?"

"ಅದು... ಸ್ಟೈಲು ಮಾವ."

"ಸ್ಟೈಲೂ ಇಲ್ಲ, ಮಣ್ಣೂ ಇಲ್ಲ" ಎಂದು ಅವರು ನಕ್ಕರು. "ನಾನು ಈ ಳ ಬರೆದ ಹಲಗೇಲಿ ಒಂದು ಮೊಳೆ ತಲೆ ಎತ್ತಿತ್ತು ಕಣೇ. ಕೀಳೋಕೆ ಹೋದ್ರೆ ಹಲಗೆ ಸೀಳ್ತಿತ್ತು. ಅದಕ್ಕೇ ಬ್ರಶ್ಶನ್ನ ಸುತ್ತಿಸಿ ತಂದೆ."

ಅವಳ ಮುಖ ಕಿವಿಯವರೆಗೂ ಕಾವೇರಿತು. ಮೌಸ್ ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿಗೆ ಎಳೆದುಕೊಂಡು, ಬೈಗುಳಕ್ಕೆ ಕಾದಳು. ಮಾವ ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ತಮ್ಮತ್ತ ಸರಿಸಿಕೊಂಡು, ದಪ್ಪ ಮಾರ್ಕರಿನ ಮುಚ್ಚಳ ತೆಗೆದರು.

"ಮೊಳೆ ಇಲ್ಲದ ಳ ಬರೆದುಕೊಡ್ತೀನಿ, ಹಾಕ್ಕೋ. ನಿನ್ನ ಹೆಸರಲ್ಲಿ ಹೋಗೋದು, ಚೆನ್ನಾಗಿರಲಿ."