ಸಾಕವ್ವಾ ಅಂದರೆ ನಿಲ್ಲುವ ಗಿರಣಿ

ಯಂತ್ರಗಳಿಗೆ ಹೇಳುವ ಮಾತಿಗೂ ಕಂಪನಿಗಳು ಒಡೆಯರಾಗಿದ್ದ ಕಾಲ. ಗದಗಿನ ಶಾವಂತ್ರೆವ್ವ ತಾನೇ ಕಟ್ಟಿದ ಹಿಟ್ಟಿನ ಗಿರಣಿ ಓಡುತ್ತಿರುವಾಗ ಗಿರಣಿ ಮಾರುವ ಕಂಪನಿಯೊಂದರ ಇನ್ಸ್‌ಪೆಕ್ಟರ್, ತಮ್ಮದನ್ನು ನಕಲು ಮಾಡಿದ್ದಾಳೆಂದು ನೋಟಿಸು ತಂದ.

"ಒಳಗಿನ ಪ್ರೋಗ್ರಾಂ ಪೂರಾ ನಂದರೀ," ಎಂದಳು.

"ಇರಬಹುದು. ಆದ್ರ 'ಬೀಸವ್ವಾ' ಅಂದ್ರ ಓಡೂದು, 'ಸಾಕವ್ವಾ' ಅಂದ್ರ ನಿಲ್ಲೂದು ನಮ್ಮ ಗಿರಣಿ ಪದ್ಧತಿ. ಲೈಸೆನ್ಸ್ ತಗೋರಿ, ಇಲ್ಲಾ ಮಾತು ಬದಲಸ್ರಿ."

"ಊರ ಮಂದಿಗೆ ರೂಢಿ ಆದ ಮಾತರೀ ಅವು. ಬದಲಸಂಗಿಲ್ಲ."

ಒಳಗೇನಿದೆಯೆಂದು ಅವನು ಬಗ್ಗಿ ನೋಡಿದ. ಕೊರಳ ಟೈ ಬೆಲ್ಟಿಗೆ ಸಿಕ್ಕಿ ಅವನನ್ನು ಎಳೆಯತೊಡಗಿತು.

"ಸಾಕವ್ವಾ! ಸಾಕವ್ವಾ!" ಎಂದು ಚೀರಿದ.

ಗಿರಣಿ ಗಕ್ಕನೆ ನಿಂತಿತು.

ಶಾವಂತ್ರೆವ್ವ ಟೈ ಬಿಡಿಸಿದಳು. "ಬ್ಯಾರೆ ಮಾತು ಇಟ್ಟಿದ್ರ ಈಗ ನಿಮ್ಮ ಗತಿ ಏನಾಗ್ತಿತ್ತರೀ ಸಾಹೇಬ್ರ?"

ಉತ್ತರಕ್ಕೆ ಕಾಯದೆ ನೋಟಿಸನ್ನು ಗಿರಣಿಯ ಬಾಯಿಗೆ ತುರುಕಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಬೀಸವ್ವಾ!"